ಗಟ್ಟಿ ಟೂಲಿಗೆ ಮೆದು ಚಕ್ರ

ಟೂಲ್ ಸಾಣೆ ಹಿಡಿಯುವ ಗ್ರೈಂಡಿಂಗ್ ವೀಲ್ ಕೊಳ್ಳುವಾಗ ಹೆಚ್ಚಿನವರು ನೋಡುವುದು ಗ್ರಿಟ್, ಅಂದರೆ ಕಣದ ಗಾತ್ರ, ಒಂದನ್ನೇ. 60 ಸಾಕೇ, 80 ಬೇಕೇ ಎನ್ನುವುದಷ್ಟೇ ಚರ್ಚೆ. ನಾನು ಮೊದಲು ಹುಡುಕುವುದು ಅದರ ಪಕ್ಕದ ಅಕ್ಷರವನ್ನು. ಟೂಲ್ ಸುಡುತ್ತದೋ ಸಲೀಸಾಗಿ ಸವೆಯುತ್ತದೋ ಎಂಬುದು ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ.

ನನ್ನ ಬೆಂಚ್ ಗ್ರೈಂಡರಿನ ಬಲಗಡೆಯ ಬಿಳಿ ಚಕ್ರದ ಲೇಬಲ್ಲಿನಲ್ಲಿ ‘ಡಬ್ಲ್ಯುಎ 80 ಕೆ 5 ವಿ’ ಎಂದಿದೆ. ಡಬ್ಲ್ಯುಎ ಅಂದರೆ ಬಿಳಿ ಅಲ್ಯೂಮಿನಿಯಂ ಆಕ್ಸೈಡ್, 80 ಕಣದ ಗಾತ್ರ, 5 ಎಂಬುದು ಕಣಗಳ ನಡುವಿನ ಬಿಡುವಿನ ಗುರುತು, ವಿ ಅಂದರೆ ಕುಲುಮೆಯಲ್ಲಿ ಸುಟ್ಟು ಗಟ್ಟಿ ಮಾಡಿದ ವಿಟ್ರಿಫೈಡ್ ಬಾಂಡ್, ಕಣಗಳನ್ನು ಹಿಡಿದಿಡುವ ಅಂಟು. ನಡುವಿನ ‘ಕೆ’ಯೇ ಗ್ರೇಡ್. ಎ ತೀರಾ ಮೆದು, ಝಡ್ ತೀರಾ ಗಟ್ಟಿ. ಇದು ಕಣದ ಗಡಸುತನವಲ್ಲ, ಬಾಂಡ್ ಆ ಕಣವನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದರ ಗುರುತು.

ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಬಿಟ್, ಅಂದರೆ ಲೇತಿನಲ್ಲಿ ಲೋಹ ಕತ್ತರಿಸುವ ತುಂಡು, ಗಡಸು. ಅದಕ್ಕೆ ತಾಗಿ ಕಣದ ಮೊನೆ ಬೇಗ ಮೊಂಡಾಗುತ್ತದೆ. ಮೊಂಡಾದ ಕಣ ಉದುರಿದರೆ ತಾನೇ ಕೆಳಗಿನ ಹೊಸ ಕಣ ಮೇಲೆ ಬರುವುದು? ಗಟ್ಟಿ ಗ್ರೇಡಿನ ಚಕ್ರ ಅದನ್ನು ಬಿಡುವುದೇ ಇಲ್ಲ. ಮೇಲ್ಮೈ ನುಣುಪಾಗಿ ಹೊಳೆಯತೊಡಗುತ್ತದೆ, ಚಕ್ರ ಕತ್ತರಿಸುವ ಬದಲು ಬರೀ ಉಜ್ಜುತ್ತದೆ, ಉಜ್ಜಿದ್ದೆಲ್ಲ ಬಿಸಿಯಾಗಿ ಟೂಲಿಗೆ ಇಳಿಯುತ್ತದೆ. ಅದಕ್ಕೇ ಗಟ್ಟಿ ಟೂಲಿಗೆ ಮೆದು ಚಕ್ರ: ಎಚ್‌ಎಸ್‌ಎಸ್‌ಗೆ ನಾನು ಎಚ್‌ನಿಂದ ಕೆವರೆಗಿನ ಗ್ರೇಡ್ ಬಿಟ್ಟು ಆಚೆ ಹೋಗುವುದಿಲ್ಲ. ಮೆದು ಚಕ್ರ ಬೇಗ ಸವೆಯುತ್ತದೆ ನಿಜ, ಸವೆಯಲಿ. ಅದು ಸವೆಯುವುದರಿಂದಲೇ ಟೂಲ್ ಉಳಿಯುವುದು.

ಸರಿಯಾದ ಚಕ್ರವೋ ಅಲ್ಲವೋ ಎಂದು ಬೆರಳೇ ಹೇಳುತ್ತದೆ. 10 ಮಿಮೀ ಚೌಕದ ಬಿಟ್ಟನ್ನು ಬರಿಗೈಯಲ್ಲಿ ಹಿಡಿದು ಹಗುರವಾಗಿ ತಾಗಿಸಿ, ಚಕ್ರದ ಅಗಲದುದ್ದಕ್ಕೂ ಅತ್ತಿತ್ತ ಆಡಿಸುತ್ತಿರಬೇಕು. ಮಬ್ಬು ಕೆಂಪು ಕಿಡಿ ಸಣ್ಣಗೆ ಹಾರುತ್ತಿದ್ದು, ಒತ್ತದೆಯೇ ಲೋಹ ಹೋಗುತ್ತಿದ್ದರೆ ಸರಿ. ಒತ್ತಲೇಬೇಕು ಅನಿಸಿದರೆ ಚಕ್ರಕ್ಕೆ ಡ್ರೆಸ್ಸಿಂಗ್ ಬೇಕು, ಅಂದರೆ ಮೊಂಡಾದ ಮೇಲ್ಪದರ ಕೆರೆದು ಹೊಸ ಕಣ ಹೊರತರಬೇಕು. ಎಚ್‌ಎಸ್‌ಎಸ್ ಸುಮಾರು 600 ಡಿಗ್ರಿವರೆಗೆ ಗಡಸುತನ ಉಳಿಸಿಕೊಳ್ಳುತ್ತದೆ, ಆದರೆ ಚೆನ್ನಾಗಿ ಕಾದದ್ದನ್ನು ತಟ್ಟನೆ ನೀರಿಗೆ ಅದ್ದಿದರೆ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬರಬಹುದು. ಕಾರ್ಬನ್ ಸ್ಟೀಲಿನ ಉಳಿಯ ಕಥೆ ಬೇರೆ. ಸುಮಾರು 300 ಡಿಗ್ರಿಗೆ ನೀಲಿ ತಿರುಗಿದರೆ ಆ ಅಂಚು ಮೆದುವಾಯಿತೆಂದೇ ಲೆಕ್ಕ. ಅದನ್ನು ಮಾತ್ರ ಬಿಸಿ ಏರುವ ಮೊದಲೇ ಮತ್ತೆ ಮತ್ತೆ ಅದ್ದುತ್ತಿರಬೇಕು.

ಉಕ್ಕಿಗಿಂತ ಗಡಸಾದ ಕಾರ್ಬೈಡ್ ಟೂಲಿಗೆ ಬಿಳಿ ಚಕ್ರ ಆಗದು. ಹಸಿರು ಸಿಲಿಕಾನ್ ಕಾರ್ಬೈಡ್ ಕೆಲಸ ಮಾಡುತ್ತದೆ, ಆದರೆ ವಿಪರೀತ ಉದುರಿ ದೂಳೆಬ್ಬಿಸುತ್ತದೆ. ನನ್ನ ಆಯ್ಕೆ ಡೈಮಂಡ್ ಚಕ್ರ. ಆದರೆ ಅದೇ ಡೈಮಂಡಿನ ಮೇಲೆ ಉಕ್ಕು ಹಿಡಿಯಬೇಡಿ. ಆ ಬಿಸಿಯಲ್ಲಿ ವಜ್ರದ ಇಂಗಾಲ ಕಬ್ಬಿಣಕ್ಕೆ ಸೇರಿಕೊಂಡು ಚಕ್ರ ಹಾಳಾಗುತ್ತದೆ. ಉಕ್ಕಿಗಾಗಿಯೇ ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್) ಇದೆ. 1957ರಲ್ಲಿ ಜನರಲ್ ಎಲೆಕ್ಟ್ರಿಕ್‌ನಲ್ಲಿ ಮೊದಲು ತಯಾರಾದ ವಸ್ತು, ಗಡಸುತನದಲ್ಲಿ ವಜ್ರದ ನಂತರದ ಸಾಲಿನಲ್ಲಿ ನಿಲ್ಲುವಂಥದ್ದು. ದಿನವೂ ಎಚ್‌ಎಸ್‌ಎಸ್ ಸಾಣೆ ಹಿಡಿಯುವವರಿಗೆ ಅದು ಹೇಳಿಮಾಡಿಸಿದ್ದು, ಅಪರೂಪಕ್ಕೆ ಹಿಡಿಯುವವರಿಗೆ ಬಿಳಿಯೇ ಸಾಕು.

ಹೊಸ ಚಕ್ರ ಕೂರಿಸುವ ಮುನ್ನ ನಡುವಿನ ತೂತಿಗೆ ಬೆರಳು ತೂರಿಸಿ ತೂಗುಬಿಟ್ಟು, ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಟಣ್ ಎಂದರೆ ಸರಿ, ದಬ್ ಎಂದರೆ ಒಳಗೆ ಬಿರುಕಿರಬಹುದು, ಅದನ್ನು ಹಾಕಲೇಬೇಡಿ. 200 ಮಿಮೀ ಚಕ್ರ ನಿಮಿಷಕ್ಕೆ 2850 ಸುತ್ತು ತಿರುಗುವಾಗ ಅದರ ಅಂಚು ಸೆಕೆಂಡಿಗೆ ಸುಮಾರು 30 ಮೀಟರ್ ಓಡುತ್ತಿರುತ್ತದೆ. ಎರಡೂ ಬದಿಯ ಕಾಗದದ ಬಿಲ್ಲೆ ಕಿತ್ತು ಬಿಸಾಡಬಾರದು, ಚಕ್ರವನ್ನು ಎರಡೂ ಕಡೆಯಿಂದ ಬಿಗಿಹಿಡಿಯುವ ಫ್ಲ್ಯಾಂಜಿನ ಒತ್ತಡ ಸಮನಾಗಿ ಹರಡುವುದು ಅದರಿಂದಲೇ. ಟೂಲ್ ಆನಿಸಿ ಹಿಡಿಯುವ ಟೂಲ್ ರೆಸ್ಟಿಗೂ ಚಕ್ರಕ್ಕೂ ನಡುವೆ 3 ಮಿಮೀಗಿಂತ ಹೆಚ್ಚು ಸಂದು ಬೇಡ. ಮೊದಲ ಒಂದು ನಿಮಿಷ ಪಕ್ಕಕ್ಕೆ ನಿಂತು ಖಾಲಿ ಓಡಿಸಿ.

ಎಡಗಡೆ ನಾನು ಒರಟು ಕೆಲಸಕ್ಕೆಂದು 46ರ ಬೂದು ಚಕ್ರ ಇಟ್ಟಿದ್ದೇನೆ. ಮೈಲ್ಡ್ ಸ್ಟೀಲ್, ತುಂಡು ಬೋಲ್ಟ್ ಎಲ್ಲ ಅದಕ್ಕೇ. ಅಲ್ಯೂಮಿನಿಯಂ ಮಾತ್ರ ಎರಡಕ್ಕೂ ತಾಗಿಸುವುದಿಲ್ಲ. ಅದು ಕಣಗಳ ಸಂದಿಯಲ್ಲಿ ಮೆತ್ತಿಕೊಂಡು ಚಕ್ರದ ಬಾಯಿ ಮುಚ್ಚಿಬಿಡುತ್ತದೆ. ಅದಕ್ಕೆ ಅರವೇ ಸರಿ.