ಬದಲಿಗೆ ಬರುವವರು ಯಾರು ಎಂದು ನಾನು ಕೇಳಿರಲಿಲ್ಲ

ಪುಣೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಡಿಸ್ಚಾರ್ಜ್ ಕೋಆರ್ಡಿನೇಟರ್ ಆಗಿ ಕೆಲಸ ಮಾಡುತ್ತಿರುವ ನಾನು, ಅದಕ್ಕೂ ಮೊದಲು ನ್ಯೂರೋ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ಕಳೆದ ಮಳೆಗಾಲದ ಒಂದು ಭಾನುವಾರ ರಾತ್ರಿ ಹನ್ನೊಂದು ಗಂಟೆ ದಾಟಿದ ಮೇಲೆ ಬಂದ ಫೋನನ್ನು ನೆನೆದರೆ ಈಗಲೂ ಅಂಗೈ ಬೆವರುತ್ತದೆ. ವಿಜಯಪುರದ ಕಡೆಯಿಂದ ಬಂದು ಧಾಯರಿಯಲ್ಲಿ ನೆಲೆಸಿರುವ ಒಬ್ಬ ತಾಯಿ ಮಾತಾಡುತ್ತಿದ್ದರು. "ಸಿಸ್ಟರ್, ತಲಿ ಸಿಡದು ಹೊಂಟೈತಿ ಅಂತಾನ್ರೀ. ಮಾರಿ ಕೆಂಪಗಾಗೈತಿ, ಬೆವರು ಇಳಿಯಾಕತ್ತೈತಿ. ಬ್ಯೂರೋದ ಹುಡುಗ ಗುಳಿಗಿ ಕೊಟ್ಟು ಮಲಗಿಸ್ಯಾನ್ರೀ."

ಅವರ ಮಗನಿಗೆ 29 ವರ್ಷ. ಕಾತ್ರಜ್ ಬೈಪಾಸಿನಲ್ಲಿ ಬೈಕ್ ಅಪಘಾತವಾಗಿ ಕತ್ತಿನ ಸಿ-5 ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದಿತ್ತು. ಮೂರು ತಿಂಗಳ ನಂತರ, ಮೂತ್ರ ಹೊರಹೋಗುವ ಕ್ಯಾಥೆಟರ್ ನಳಿಗೆ ಸಹಿತ, ಮನೆಯಲ್ಲೇ 24 ಗಂಟೆಯ ಆರೈಕೆ ಬೇಕೆಂಬ ಷರಾದೊಂದಿಗೆ ಅವನನ್ನು ಕಳಿಸಿಕೊಟ್ಟು ಹನ್ನೆರಡು ದಿನಗಳಾಗಿದ್ದವು. ಖಡಕಿಯಲ್ಲಿ ಇಂಥವರಿಗಾಗಿಯೇ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರವಿದೆ, ಆದರೆ ಅದು ಸೈನಿಕರದು. ಪ್ಲಂಬಿಂಗ್ ಕೆಲಸ ಮಾಡುತ್ತಿದ್ದ ಈ ಹುಡುಗನಿಗೆ ಉಳಿದದ್ದು ಮನೆ ಮತ್ತು ಮನೆಗೆ ನರ್ಸ್ ಕಳಿಸುವ ಬ್ಯೂರೋ.

ಬ್ಯೂರೋವನ್ನು ಆರಿಸಿಕೊಟ್ಟವಳು ನಾನೇ. ಮೂರು ಕಡೆಯಿಂದ ಕೊಟೇಶನ್ ತರಿಸಿದ್ದೆ, ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾದ ಪ್ರಮಾಣಪತ್ರ ಮತ್ತು ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿಯನ್ನು ಪರಿಶೀಲಿಸಿದ್ದೆ, ದರಗಳನ್ನು ಡೈರಿಯಲ್ಲಿ ಒಂದರ ಪಕ್ಕ ಒಂದು ಬರೆದುಕೊಂಡಿದ್ದೆ. ಒಂದು ಬ್ಯೂರೋದ ಮುಖ್ಯಸ್ಥೆ, ತಮ್ಮಲ್ಲಿ ಸ್ಪೈನಲ್ ಕೇಸ್ ನೋಡಿಕೊಂಡ ಅನುಭವವಿರುವವರು ಇಬ್ಬರೇ ಇದ್ದಾರೆಂದೂ, ಇಬ್ಬರೂ ರಜೆ ಹಾಕಿದ ದಿನ ಬೇರೆ ಯಾರನ್ನೂ ಕಳಿಸಲಾಗದೆಂದೂ, ಅಂಥ ದಿನವಿದ್ದರೆ ಮೊದಲೇ ತಿಳಿಸುವೆವೆಂದೂ ಹೇಳಿದರು. ಅವರ ಪ್ರಾಮಾಣಿಕತೆಯನ್ನು ನಾನು ಕೊರತೆಯೆಂದು ಎಣಿಸಿ ಅವರನ್ನು ಬಿಟ್ಟೆ. ಯಾರು ಗೈರಾದರೂ ನಾಲ್ಕು ತಾಸಿನೊಳಗೆ ರಿಪ್ಲೇಸ್‌ಮೆಂಟ್ ಗ್ಯಾರಂಟಿ ಎಂದ ಇನ್ನೊಂದು ಬ್ಯೂರೋವನ್ನು ಒಪ್ಪಿಕೊಂಡೆ. ಬೆಡ್ ಬೆಳಿಗ್ಗೆ ಹನ್ನೊಂದರೊಳಗೆ ಖಾಲಿಯಾಗಬೇಕು ಎಂಬ ಆಡಳಿತದ ಒತ್ತಡವಿತ್ತು ನಿಜ. ನಮ್ಮ ಡಿಸ್ಚಾರ್ಜ್ ಚೆಕ್‌ಲಿಸ್ಟಿನಲ್ಲಿ 'ಹೋಮ್ ಕೇರ್ ವ್ಯವಸ್ಥೆ ಆಗಿದೆಯೇ' ಎಂಬುದಕ್ಕೆ ಟಿಕ್ ಹಾಕುವ ಒಂದೇ ಒಂದು ಚೌಕವಿದೆ, ಇದನ್ನು ಬದಲಿಸಿ ಎಂದು ನಾನು ಎರಡು ಸಲ ಬರೆದು ಕೊಟ್ಟದ್ದೂ ನಿಜ. ಆದರೂ ಆ ನಿರ್ಧಾರ ನನ್ನದು.

ಆ ಭಾನುವಾರ ರಾತ್ರಿ ಪಾಳಿಯ ನರ್ಸ್ ಬರಲಿಲ್ಲ. ಬ್ಯೂರೋ ಮಾತಿಗೆ ತಪ್ಪದೆ ರಿಪ್ಲೇಸ್‌ಮೆಂಟ್ ಕಳಿಸಿತ್ತು. ಹಡಪ್ಸರದಲ್ಲಿ ಹಗಲಿಡೀ ಒಬ್ಬ ಅಜ್ಜನ ಆರೈಕೆ ಮಾಡಿ, ನೇರವಾಗಿ ಅಲ್ಲಿಂದ ಬಂದಿದ್ದ ಜಿಡಿಎ ಹುಡುಗ, ಎಂದರೆ ನರ್ಸ್ ಅಲ್ಲ, ಆರೈಕೆಯ ಸಹಾಯಕ.

ತಾಯಿಯ ಮಾತು ಕೇಳಿದ ನಾನು, ಮೊದಲ ಒಂದೆರಡು ನಿಮಿಷವನ್ನು ಯಾವ ಗುಳಿಗೆ, ಎಷ್ಟು ಹೊತ್ತಿಗೆ ಕೊಟ್ಟದ್ದು ಎಂದು ವಿಚಾರಿಸುವುದರಲ್ಲೇ ಕಳೆದುಬಿಟ್ಟೆ. ನಿದ್ದೆಯಿಂದ ಎದ್ದವಳಿಗೆ ಅದೊಂದು ತಲೆನೋವಿನ ಫೋನಿನಂತೆಯೇ ಕೇಳಿಸಿತ್ತು. ಹುಡುಗ ಫೋನ್ ತೆಗೆದುಕೊಂಡು ಮರಾಠಿಯಲ್ಲಿ, "ಬಿಪಿ 162 ಇದೆ ಮ್ಯಾಡಮ್, ನಮ್ಮ ಅಜ್ಜನಿಗೂ ಇಷ್ಟೇ ಇರುತ್ತದೆ, ಗಾಬರಿ ಬೇಡ" ಎಂದಾಗ ನನಗೆ ಎಚ್ಚರವಾಯಿತು. ಎದೆಯ ನಡುಮಟ್ಟದ ಟಿ-6 ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರ ಬಿಪಿ ಸಾಮಾನ್ಯವಾಗಿ ಕೆಳಗೇ ಇರುತ್ತದೆ. ಬಿಪಿಯ ಮೇಲಿನ ಅಂಕಿ ನಿತ್ಯದ ಮಟ್ಟಕ್ಕಿಂತ 20ರಿಂದ 40 ಏರಿದರೂ ಅವರಿಗೆ ಅಪಾಯವೇ, ತಡವಾದರೆ ಫಿಟ್ಸ್ ಬರಬಹುದು, ಮೆದುಳಿನಲ್ಲಿ ರಕ್ತಸ್ರಾವವೂ ಆಗಬಹುದು. ಅದನ್ನು ಏರಿಸುವುದು ಬಹುಮಟ್ಟಿಗೆ ಕೆಳಗಿನ ದೇಹದ ಯಾವುದೋ ಒಂದು ತೊಂದರೆ: ತುಂಬಿದ ಮೂತ್ರಕೋಶ, ಕಟ್ಟಿಕೊಂಡ ಮಲ, ಒತ್ತಿದ ಚರ್ಮ. ಆ ತೊಂದರೆ ರೋಗಿಗೆ ತಿಳಿಯುವುದಿಲ್ಲ, ತಿಳಿಯುವುದು ತಲೆನೋವು ಮಾತ್ರ. ಅಂಥವರನ್ನು ಮಲಗಿಸಿದರೆ ಬಿಪಿ ಇನ್ನೂ ಏರುತ್ತದೆ.

"ಮೊದಲು ಎಬ್ಬಿಸಿ ಕೂರಿಸು, ಕಾಲು ಕೆಳಗೆ ಇಳಿಬಿಡು, ಹೊಟ್ಟೆಯ ಬೆಲ್ಟ್ ಬಿಚ್ಚು. ಯೂರೋಬ್ಯಾಗಿನಲ್ಲಿ ಮೂತ್ರ ಎಷ್ಟಿದೆ?" ಎಂದೆ. "ಖಾಲಿ ಇದೆ ಮ್ಯಾಡಮ್, ಎಂಟು ಗಂಟೆಯಿಂದ ತುಂಬಿಯೇ ಇಲ್ಲ" ಎಂದ, ಒಳ್ಳೆಯ ಸುದ್ದಿ ಹೇಳುವವನ ದನಿಯಲ್ಲಿ. ಕ್ಯಾಥೆಟರಿನ ಬುಡದಿಂದ ಬ್ಯಾಗಿನವರೆಗೆ ನಳಿಗೆಯ ಮೇಲೆ ಬೆರಳಾಡಿಸುತ್ತ ಹೋಗಲು ಹೇಳಿದೆ. ಫೋನಿನಲ್ಲಿ ಹಾಸಿಗೆ ಸರಿಯುವ ಸದ್ದು, ತಾಯಿಯ ಉಸಿರು, ಹೊರಗಿನ ಮಳೆ. ಎಡತೊಡೆಯ ಕೆಳಗೆ ನಳಿಗೆ ಮಡಚಿಕೊಂಡಿತ್ತು. ಬಿಡಿಸಿದ ಕೂಡಲೇ ಮೂತ್ರ ಹರಿಯತೊಡಗಿತು. ಪ್ರತಿ ಮೂರು ನಿಮಿಷಕ್ಕೊಮ್ಮೆ ಬಿಪಿ ನೋಡಿ ಹೇಳುತ್ತ ಹೋದ: 148, 126, 108. ಅಷ್ಟರಲ್ಲಿ ಬ್ಯಾಗಿನಲ್ಲಿ ಏಳುನೂರು ಎಂಎಲ್ ಇತ್ತು. ನಾನು ಕಳಿಸಿದ ಆಂಬುಲೆನ್ಸ್ ಸಿಂಹಗಡ ರಸ್ತೆಯ ಟ್ರಾಫಿಕ್ಕಿನಲ್ಲಿ ಇನ್ನೂ ಸಿಕ್ಕಿಕೊಂಡಿತ್ತು.

ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಹೇಳಿದ್ದನ್ನು ಹೇಳಿದಂತೆ ಮಾಡಿದ. ಇದು ಎಂಥ ಕೇಸ್ ಎಂದು ಅವನಿಗೆ ಬ್ಯೂರೋದವರು ಹೇಳಿರಲಿಲ್ಲ, ವಿಳಾಸ ಮತ್ತು ಪಾಳಿಯ ಸಮಯವನ್ನಷ್ಟೇ ಕಳಿಸಿದ್ದರು. ಖಾಯಂ ನರ್ಸಿನ ಅರ್ಹತೆಯನ್ನು ಅಷ್ಟು ಎಚ್ಚರದಿಂದ ಪರೀಕ್ಷಿಸಿದ ನಾನು, ಬದಲಿಗೆ ಬರುವವರ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಈಗ ಬದಲಿಗೆ ಬರುವವರೂ ಸೇರಿದಂತೆ ಪ್ರತಿಯೊಬ್ಬರೂ ಡಿಸ್ಚಾರ್ಜಿಗೆ ಮೊದಲು ವಾರ್ಡಿಗೆ ಬಂದು ಒಂದು ಪಾಳಿ ನಮ್ಮ ಸಿಸ್ಟರ್ ಜೊತೆ ನಿಲ್ಲಬೇಕೆಂದು ಹೇಳುತ್ತೇನೆ. ಒಪ್ಪದ ಬ್ಯೂರೋದ ದರವನ್ನು ನೋಡುವುದೇ ಇಲ್ಲ. ಇದರಿಂದ ಕೆಲವರ ಡಿಸ್ಚಾರ್ಜ್ ಎರಡು ದಿನ ತಡವಾಗುತ್ತದೆ. ಅದಕ್ಕಾಗಿ ಪ್ರತಿ ಸೋಮವಾರದ ಮೀಟಿಂಗಿನಲ್ಲಿ ನನ್ನನ್ನು ಕೇಳುತ್ತಾರೆ, ನಾನೂ ಅದೇ ಉತ್ತರ ಕೊಡುತ್ತೇನೆ.

ಮರುದಿನ ಆ ತಾಯಿಯ ಒಪ್ಪಿಗೆ ಪಡೆದು, ನಾನು ಬಿಟ್ಟುಬಿಟ್ಟಿದ್ದ ಬ್ಯೂರೋದ ಮುಖ್ಯಸ್ಥೆಗೆ ಫೋನ್ ಮಾಡಿದೆ. ಅವರು ಹಳೆಯದನ್ನು ಎತ್ತಲಿಲ್ಲ. ಹುಡುಗನ ನಿತ್ಯದ ಬಿಪಿ ಈಗಲೂ ಅಷ್ಟೇ ಇದೆಯೇ ಎಂದು ಕೇಳಿದರು. ಡೈರಿ ತೆರೆದು ನೋಡಿದೆ. ಮೊದಲ ಸಲ ಮಾತಾಡಿದಾಗಲೂ ಅವರು ಅದನ್ನು ಕೇಳಿದ್ದರು. ನಾನು ಫೈಲ್ ತರಿಸಿ ಉತ್ತರ ಹೇಳಿದ್ದೆ. ಅವರ ದರದ ಕೆಳಗೆ ನನ್ನದೇ ಅಕ್ಷರದಲ್ಲಿ 95/60 ಎಂದು ಬರೆದಿತ್ತು. ಉಳಿದ ಎರಡು ಕೊಟೇಶನ್‌ಗಳ ಕೆಳಗೆ ದರ ಮಾತ್ರ ಇತ್ತು.