ನಿಂತ ಬಿರುಕಿಗೆ ಯಾವ ರಾಡ್?

ಟ್ರೇಲರ್‌ನ ಪಕ್ಕದ ಕಂಬ ಚಾಸಿಗೆ ಸೇರುವ ಕಡೆ 8 ಮಿ.ಮೀ. ಪ್ಲೇಟ್ ಬಿರುಕು ಬಿಟ್ಟಿತ್ತು. ಸುಮಾರು ಒಂದು ಗೇಣು ಉದ್ದ, ಕೆಳಗಿಂದ ಮೇಲಕ್ಕೆ ನೆಟ್ಟಗೆ. ಮಲಗಿಸಿಕೊಂಡು ವೆಲ್ಡಿಂಗ್ ಮಾಡೋಣ ಅಂದರೆ ಅಷ್ಟು ದೊಡ್ಡ ಗಾಡಿಯನ್ನು ಮಗುಚುವುದು ಆಗದ ಮಾತು. ನಿಂತ ಹಾಗೇ ಬೆಸೆಯಬೇಕಿತ್ತು.

ಬೆಳಿಗ್ಗೆ ಕೈಗೆ ಸಿಕ್ಕಿದ್ದು 3.15 ಮಿ.ಮೀ.ನ 6013. ದಿನಾ ಬಳಸುವ ವೆಲ್ಡಿಂಗ್ ರಾಡ್. ಆರ್ಕ್ (ರಾಡ್ ತುದಿಯಲ್ಲಿ ಉರಿಯುವ ಕಿಡಿ) ಬೇಗ ಹಿಡಿಯುತ್ತದೆ, ಎಸಿ ಡಿಸಿ ಎರಡಕ್ಕೂ ಒಗ್ಗುತ್ತದೆ. ಮಲಗಿದ ಜಾಯಿಂಟ್‌ಗೆ ಇಡುವ 120 ಆಂಪ್ಸ್‌ನಲ್ಲೇ ಶುರು ಮಾಡಿದೆ. ಎರಡು ಇಂಚು ಹೋಗುವಷ್ಟರಲ್ಲಿ ಕರಗಿದ ಕಬ್ಬಿಣ ಮೇಣದ ಹಾಗೆ ಇಳಿದು ಕೆಳಗೆ ಗಂಟು ಕಟ್ಟಿತು. ಕರೆಂಟ್ ಇಳಿಸಿ, ದಿಕ್ಕು ಬದಲಿಸಿ, ಮೇಲಿಂದ ಕೆಳಕ್ಕೆ ಎಳೆದೆ. ಈ ಸಲ ಬೀಡ್, ಅಂದರೆ ಬೆಸುಗೆಯ ಪಟ್ಟಿ, ನುಣ್ಣಗೆ ಬಂತು. ನೋಡಿದರೆ ಯಾರಾದರೂ ಚೆನ್ನಾಗಿದೆ ಅನ್ನುತ್ತಿದ್ದರು.

ಆದರೂ ಮನಸ್ಸು ಒಪ್ಪಲಿಲ್ಲ. ಭಾರ ಹೊರುವ ಜಾಗ ಅದು. ಗ್ರೈಂಡರ್ ಹಿಡಿದು ಒಂದು ಕಡೆ ಸ್ವಲ್ಪ ಉಜ್ಜಿದೆ. ಬೀಡ್ ಅಡಿಯಲ್ಲಿ ಕೂದಲೆಳೆಯಂಥ ಕಪ್ಪು ಗೆರೆ. ಇನ್ನೂ ಉಜ್ಜಿದೆ, ಗೆರೆ ಉದ್ದಕ್ಕೂ ಇತ್ತು. ಕಿಟ್ಟ (ರಾಡ್ ಮೇಲಿನ ಲೇಪ ಕರಗಿ ಬರುವ ಕಸ, ಸ್ಲ್ಯಾಗ್) ಒಳಗೇ ಸಿಕ್ಕಿಕೊಂಡಿತ್ತು, ಅದರ ಕೆಳಗೆ ಹಳೆಯ ಬಿರುಕು ಹಾಗೇ ಬಾಯಿ ತೆರೆದುಕೊಂಡಿತ್ತು. ಮೇಲಿಂದ ಕೆಳಗೆ ಬರುವಾಗ ಕರಗಿದ ಕಿಟ್ಟವೂ ನಮ್ಮ ಜೊತೆಗೇ ಇಳಿಯುತ್ತದೆ, ಆರ್ಕ್‌ಗಿಂತ ಮುಂದೆ ಓಡುತ್ತದೆ. ಅದರ ಮೇಲೆಯೇ ನಾವು ಲೋಹ ಸುರಿದುಬಿಡುತ್ತೇವೆ. ತೆಳು ಶೀಟ್‌ಗೆ ಈ ರೀತಿ ಎಳೆದರೆ ನಡೆಯುತ್ತದೆ, ತೂತು ಬೀಳುವುದೂ ತಪ್ಪುತ್ತದೆ. 8 ಮಿ.ಮೀ. ಪ್ಲೇಟ್‌ಗೆ ಜಾಯಿಂಟ್‌ನ ತಳದ ತನಕ ಹಿಡಿತ ಬೇಕು, ಅಲ್ವಾ?

ಹಾಕಿದ್ದನ್ನೆಲ್ಲ ತೆಗೆಯುವುದಕ್ಕೇ ಒಂದು ಗಂಟೆ ಹಿಡಿಯಿತು. ಕಂಬಕ್ಕೆ ಜ್ಯಾಕ್ ಕೊಟ್ಟು ಭಾರ ಇಳಿಸಿದೆ. ಬಿರುಕು ಮುಗಿಯುವ ಎರಡೂ ತುದಿಗೆ ಸಣ್ಣ ತೂತು ಹೊಡೆದೆ, ಅದು ಮುಂದಕ್ಕೆ ಓಡಬಾರದು ಅಂತ. ಇಂಗ್ಲಿಷ್ 'ವಿ' ಆಕಾರದಲ್ಲಿ ಕಾಲುವೆ ತೋಡಿ, ತಳದಲ್ಲಿ ಎರಡು ಮಿ.ಮೀ. ಸಂದು ಬಿಟ್ಟು, ಪೇಂಟು ತುಕ್ಕು ಎಲ್ಲ ಕೆರೆದು ಹೊಳೆಯುವ ಕಬ್ಬಿಣ ಕಾಣುವ ತನಕ ಉಜ್ಜಿದೆ.

ಆಮೇಲೆ ರಾಡ್ ಯಾವುದು ಅನ್ನುವ ಯೋಚನೆ. ಪಕ್ಕದಲ್ಲಿದ್ದವರೊಬ್ಬರು 7024 ಚಾಚಿದರು, ಇದೂ 70ರ ಬಲದ್ದೇ ಅಂತ. ಬಲ ಸರಿ. ಮೊದಲ ಎರಡು ಅಂಕಿ ಹೇಳುವುದು ಚದರ ಇಂಚಿಗೆ 70,000 ಪೌಂಡ್ ಎಳೆತ ತಡೆಯುತ್ತದೆ ಅಂತ. ಆದರೆ ನೋಡಬೇಕಾದ್ದು ಮೂರನೇ ಅಂಕಿ. ಅದು 1 ಆದರೆ ಎಲ್ಲ ಸ್ಥಿತಿಯಲ್ಲೂ ಬಳಸಬಹುದು. 2 ಆದರೆ ಮಲಗಿದ ಜಾಯಿಂಟ್ ಮತ್ತು ಅಡ್ಡಕ್ಕೆ ಹೋಗುವ ಮೂಲೆ ಬೆಸುಗೆಗೆ ಮಾತ್ರ. 7024ರ ಲೋಹ ಧಾರಾಳವಾಗಿ ಸುರಿಯುತ್ತದೆ, ನಿಂತ ಗೋಡೆಯಲ್ಲಿ ಒಂದು ಹನಿಯೂ ನಿಲ್ಲುವುದಿಲ್ಲ.

6011 ಮನಸ್ಸಿಗೆ ಬಂತು. ಅದರ ಲೋಹ ಬೇಗ ಗಟ್ಟಿಯಾಗುತ್ತದೆ, ಆಳಕ್ಕೆ ಇಳಿಯುತ್ತದೆ, ತುಕ್ಕು ಇದ್ದರೂ ಕಚ್ಚುತ್ತದೆ. ಪೂರ್ತಿ ಸ್ವಚ್ಛ ಮಾಡಲು ಆಗದ ಜಾಗವಾಗಿದ್ದರೆ ನಾನು ಅದನ್ನೇ ಹಿಡಿಯುತ್ತಿದ್ದೆ. ಇಲ್ಲಿ ಸ್ವಚ್ಛ ಆಗಿತ್ತು, ಜಾಗ ಕುಲುಕಾಟಕ್ಕೆ ಸಿಗುವಂಥದ್ದು. ಹಾಗಾಗಿ 7018 ಅಂತ ತೀರ್ಮಾನಿಸಿದೆ. ಕಡಿಮೆ ಹೈಡ್ರೋಜನ್ ರಾಡ್, ಬೆಸುಗೆ ಸುಲಭಕ್ಕೆ ಸೀಳುವುದಿಲ್ಲ.

ಅಲ್ಲಿಯೂ ಎರಡು ತೊಡಕು. ನನ್ನ ಹತ್ತಿರ ಇದ್ದ ಪ್ಯಾಕೆಟ್ ಒಡೆದು ತಿಂಗಳುಗಳಾಗಿತ್ತು. 7018ರ ಮೇಲಿನ ಲೇಪ ಗಾಳಿಯ ತೇವ ಹೀರಿಕೊಂಡರೆ ಅದರ ಮುಖ್ಯ ಗುಣವೇ ಹೋಯಿತು. ಮತ್ತೆ ಒಣಗಿಸಲು 260 ಡಿಗ್ರಿಗಿಂತ ಜಾಸ್ತಿ ಕಾವು ಬೇಕು, ಸುಮ್ನೆ ಬಿಸಿಲಿಗೆ ಇಟ್ಟರೆ ಆಗುವುದಿಲ್ಲ. (6011ಕ್ಕೆ ಇದು ಉಲ್ಟಾ. ಅದಕ್ಕೆ ಸ್ವಲ್ಪ ತೇವ ಇರಲೇಬೇಕು, ಓವನ್‌ನಲ್ಲಿ ಇಟ್ಟರೆ ಕೆಡುತ್ತದೆ.) ಸೀಲ್ ಒಡೆಯದ ಹೊಸ ಪ್ಯಾಕೆಟ್ ತರಿಸಿದೆ. ಇನ್ನೊಂದು ತೊಡಕು ಮೆಷಿನ್. ನಮ್ಮ ಹಳೆಯ ಎಸಿ ಟ್ರಾನ್ಸ್‌ಫಾರ್ಮರ್‌ನ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಆರ್ಕ್ ಹಿಡಿಯುವ ಮೊದಲು ಇರುವ ವೋಲ್ಟೇಜ್) 50. ಅದರಲ್ಲಿ 7018 ಹಿಡಿಯುತ್ತದೆ, ಆರುತ್ತದೆ, ಅಂಟಿಕೊಳ್ಳುತ್ತದೆ. ಎಸಿಯಲ್ಲಿ ಅದು ನೆಟ್ಟಗೆ ಉರಿಯಲು 70ರ ಆಸುಪಾಸು ಬೇಕು. ಡಿಸಿ ಇನ್ವರ್ಟರ್ ಎರವಲು ತಂದು, ಹೋಲ್ಡರ್ ಪ್ಲಸ್‌ಗೆ ಹಾಕಿದೆ.

ದಪ್ಪವನ್ನೂ ಬದಲಿಸಿದೆ. 3.15 ಬಿಟ್ಟು 2.5. ಕರೆಂಟ್ 85. ರಾಡ್ ಸಣ್ಣದಾದರೆ ಕರಗಿದ ಕೊಳವೂ ಸಣ್ಣದು, ಕೈಗೆ ಸಿಗುತ್ತದೆ. ಕೆಲಸ ನಿಧಾನ ಆಗುತ್ತದೆ, ಆಗಲಿ.

ಈ ಸಲ ಕೆಳಗಿಂದ ಮೇಲಕ್ಕೆ. ಮೊದಲ ಸುತ್ತು ತಳದ ಸಂದು ತುಂಬುವುದಕ್ಕೆ, ಅಲ್ಲಾಡಿಸದೆ ನೆಟ್ಟಗೆ. ತುದಿ ಸ್ವಲ್ಪ ಮೇಲಕ್ಕೆ ನೋಡುವ ಹಾಗೆ ಹಿಡಿದು, ಆರ್ಕ್ ತೀರಾ ಗಿಡ್ಡ ಇಟ್ಟೆ, ರಾಡ್ ಲೋಹಕ್ಕೆ ತಾಗುತ್ತದೇನೋ ಅನ್ನುವಷ್ಟು. ಎರಡನೇ ಸುತ್ತಿನಿಂದ ಅಡ್ಡಡ್ಡ ಆಡಿಸಿದೆ. ಎಡ ಅಂಚಿನಲ್ಲಿ ಒಂದು ಕ್ಷಣ ನಿಲ್ಲು, ಅಂಚು ತುಂಬಿಕೊಳ್ಳಲಿ. ನಡುವೆ ನಿಲ್ಲದೆ ದಾಟು. ಬಲ ಅಂಚಿನಲ್ಲಿ ಮತ್ತೆ ನಿಲ್ಲು. ನಡುವೆ ನಿಧಾನ ಮಾಡಿದರೆ ಹೊಟ್ಟೆ ಬರುತ್ತದೆ, ಅಂಚಿನಲ್ಲಿ ಅವಸರ ಮಾಡಿದರೆ ಗುಳಿ ಬೀಳುತ್ತದೆ. ಕೆಳಗೆ ಆಗಲೇ ಗಟ್ಟಿಯಾದ ಲೋಹ ಮೇಲಿನದಕ್ಕೆ ಮೆಟ್ಟಿಲಾಗುತ್ತಿತ್ತು. ಕಿಟ್ಟ ಹಿಂದೆಯೇ ಉಳಿಯುತ್ತಿತ್ತು.

ನಡುವೆ ನಿಲ್ಲಿಸಿದಾಗ ರಾಡ್ ತುದಿಗೆ ಗಾಜಿನಂಥ ಪೊರೆ ಕಟ್ಟುತ್ತದೆ. ಅದನ್ನು ಜೋರಾಗಿ ಕುಟ್ಟಬಾರದು, ಲೇಪ ಉದುರಿ ಒಳಗಿನ ತಂತಿ ಬೆತ್ತಲಾಗುತ್ತದೆ, ಮುಂದಿನ ಹಿಡಿತದಲ್ಲೇ ಸಣ್ಣ ಸಣ್ಣ ತೂತು ಬೀಳುತ್ತವೆ. ಕೈಗವಸಿನ ಮೇಲೆ ಮೆಲ್ಲಗೆ ಉಜ್ಜಿದರೆ ಸಾಕು.

ಒಟ್ಟು ಮೂರು ಸುತ್ತು. ಪ್ರತಿ ಸುತ್ತಿಗೂ ಕಿಟ್ಟ ತೆಗೆದು, ವೈರ್ ಬ್ರಷ್ ಹಾಕಿ, ಅಂಚುಗಳನ್ನು ಟಾರ್ಚ್ ಬಿಟ್ಟು ನೋಡಿದೆ. ಕೊನೆಯ ಸುತ್ತು ತಾನಾಗಿ ಆರಲು ಬಿಟ್ಟು, ಸುತ್ತಿಗೆಯ ಮೂತಿಯಿಂದ ಒಂದು ಕಡೆ ತಟ್ಟಿದೆ. ಕಿಟ್ಟ ಉದ್ದಕ್ಕೆ ಒಂದೇ ಪಟ್ಟಿಯಾಗಿ ಬಿಟ್ಟುಕೊಂಡು ಬಿತ್ತು. ಬೆಳಿಗ್ಗೆಯ ಹಾಗೆ ಮತ್ತೆ ಒಂದು ಕಡೆ ಗ್ರೈಂಡರ್ ಇಟ್ಟು ಉಜ್ಜಿದೆ. ಬರೀ ಬೆಳ್ಳನೆಯ ಕಬ್ಬಿಣ. ಉಜ್ಜಿದ ಜಾಗವನ್ನು ಅದೇ ರಾಡ್‌ನಿಂದ ತುಂಬಿ, ಆರಿದ ಮೇಲೆ ಜ್ಯಾಕ್ ಇಳಿಸಿದೆ.