24ರ ರಾತ್ರಿಯವರೆಗೆ ಗೋದಲಿ ಖಾಲಿ ಇರಲಿ

ಕ್ರಿಸ್ಮಸ್ ಹತ್ತಿರವಾಯಿತು, ಮಂಗಳೂರಿನ ಇಗರ್ಜಿಗಳಲ್ಲಿ, ಮನೆಗಳಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವ ಹೊತ್ತು ಬಂತು. ಹಸಿರು ಗದ್ದೆ ಬೇಕಿದ್ದರೆ ಡಿಸೆಂಬರ್ 12ರ ಸುಮಾರಿಗೆ ಭತ್ತವನ್ನು ಒಂದು ರಾತ್ರಿ ನೆನೆಸಿ, ಒದ್ದೆ ಗೋಣಿಯಲ್ಲಿ ಕಟ್ಟಿ ಮೊಳಕೆ ಬರಿಸಿ. ಆಮೇಲೆ ಅಗಲ ಟ್ರೇಯಲ್ಲಿ ಎರಡು ಇಂಚು ಮಣ್ಣು ಹಾಕಿ ಒತ್ತಾಗಿ ಹರಡಿ. ತಿಂಗಳ ಮೊದಲಿಗೇ ಬಿತ್ತಿದರೆ ಹಬ್ಬದ ಹೊತ್ತಿಗೆ ಪೈರು ಉದ್ದವಾಗಿ ಮಗುಚಿ ಬೀಳುತ್ತದೆ. ಟ್ರೇಗೆ ತೂತಿಲ್ಲದಿದ್ದರೆ ನೀರು ನಿಂತು ಬೇರು ಕೊಳೆಯುತ್ತದೆ, ಕತ್ತಲೆ ಕೋಣೆಯಲ್ಲಿಟ್ಟರೆ ಹಳದಿಯಾಗುತ್ತದೆ. ಮುಳಿಹುಲ್ಲಿನ ಮಾಡಿಗೆ ಸೀರಿಯಲ್ ಲೈಟ್ ತಾಗಿಸಲೇಬೇಡಿ. ವಯರಿನ ಜೋಡಣೆಗೆ ಟೇಪ್ ಸುತ್ತಿ, ಮಲಗುವ ಮುನ್ನ ಸ್ವಿಚ್ ಆರಿಸಿ.

ಇಷ್ಟೆಲ್ಲ ಚಂದ ಮಾಡಿ, ಬಾಲಯೇಸುವಿನ ಮೂರ್ತಿಯನ್ನು ಮೊದಲ ದಿನವೇ ಮಲಗಿಸಿಬಿಡುತ್ತೇವಲ್ಲ, ಅದು ಮನಸ್ಸಿಗೆ ಒಪ್ಪುವುದಿಲ್ಲ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲ ಕಾಯುವ ಕಾಲ. ನಾಲ್ಕು ಭಾನುವಾರ, ನಾಲ್ಕು ಮೇಣದಬತ್ತಿ: ಮೂರು ನೇರಳೆ, ಮೂರನೇ ವಾರದ್ದು ಮಾತ್ರ ಗುಲಾಬಿ. ಅಷ್ಟು ದಿನ ಆ ಜಾಗ ಖಾಲಿಯೇ ಇರಲಿ. ಮಕ್ಕಳು ಒಂದೊಂದು ಒಳ್ಳೆಯ ಕೆಲಸಕ್ಕೆ ಒಂದೊಂದು ಎಳೆ ಬೈಹುಲ್ಲು ತಂದು ಹಾಸಲಿ. ಆಗ ಅವರಿಗೇ ಗೊತ್ತಾಗುತ್ತದೆ ಯಾರಿಗಾಗಿ ಈ ಹಾಸಿಗೆ ಎಂದು. 1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಗ್ರೆಚ್ಚೊ ಊರಿನಲ್ಲಿ ಏರ್ಪಡಿಸಿದ ಗೋದಲಿಯಲ್ಲೂ ಇದ್ದದ್ದು ಹುಲ್ಲು, ಎತ್ತು, ಕತ್ತೆ, ಅದರ ಬಳಿಯಲ್ಲೇ ಬಲಿಪೂಜೆ (ಮಾಸ್).

ಬಾಲಯೇಸುವನ್ನು ಕಾಣಲು ಪೂರ್ವದಿಂದ ಬಂದ ಮೂವರು ರಾಯರನ್ನೂ ಕೊಟ್ಟಿಗೆಯೊಳಗೆ ತುರುಕಬೇಡಿ. ದೂರದ ಮೂಲೆಯಲ್ಲಿಟ್ಟು ದಿನಾ ಸ್ವಲ್ಪ ಸ್ವಲ್ಪ ಸರಿಸಿ, ಜನವರಿಯಲ್ಲಿ ಅವರ ಹಬ್ಬದ ದಿನ ಮುಟ್ಟಲಿ. ಹಾಗಾಗಿ 26ಕ್ಕೇ ಗೋದಲಿ ಬಿಚ್ಚುವ ಅವಸರವೂ ಬೇಡ, ರಾಯರ ಹಬ್ಬದ ನಂತರ ಬರುವ ಪ್ರಭು ಯೇಸುವಿನ ದೀಕ್ಷಾಸ್ನಾನದ ಹಬ್ಬದವರೆಗೂ ಕ್ರಿಸ್ಮಸ್ ಕಾಲವೇ.